ಎಂಜಿನ್ನಿಗೊಂದು ಅಭ್ಯಂಜನ

ನಮ್ಮ ಮಿತ್ರರೊಬ್ಬರಲ್ಲಿ ಹಳೆಯದೊಂದು ಅಂಬಾಸಡರ್ ಕಾರಿದೆ. ಆ ಕಾರುಗಳ ತಯಾರಿಕೆಯೇ 2014ರಲ್ಲಿ ನಿಂತುಹೋಯಿತಾದರೂ ಅವರಿಗೆ ಅದರ ಮೇಲಿನ ಮಮತೆ ಕುಂದಿಲ್ಲ. ಕೆಲವು ವರ್ಷಗಳ ಹಿಂದೆ ಅದು ನೀಲಿ ಹೊಗೆಯನ್ನು ಉಗುಳತೊಡಗಿತು. ಸವೆದ ಸಿಲಿಂಡರುಗಳನ್ನು ಅರ್ಧ ಮಿಲಿಮೀಟರಿನಷ್ಟು ಹಿಗ್ಗಿಸಿ ಕೊರೆಸಿ, ಹೊಸ ಪಿಸ್ಟನ್ನುಗಳನ್ನು ತಂದುದಾಯಿತು. ಬ್ಲಾಕನ್ನು ಹಿತ್ತಿಲಿನಲ್ಲಿರಿಸಿ ಅವರೂ ನಾವೂ ಸೇರಿ ಸೀಮೆಎಣ್ಣೆಯಿಂದ ತೊಳೆದೆವು. ಅದು ಕನ್ನಡಿಯಂತೆ ಹೊಳೆಯಿತು. ಜೋಡಿಸಿ ಮೂರು ಸಾವಿರ ಕಿಲೋಮೀಟರು ಓಡಿಸುವಷ್ಟರಲ್ಲಿ ಮತ್ತೆ ಅದೇ ನೀಲಿ ಹೊಗೆ! ಬಿಚ್ಚಿ ನೋಡಿದರೆ ಹೊಸ ಉಂಗುರಗಳು ಸವೆದಿದ್ದುವು, ಸಿಲಿಂಡರಿನ ಗೋಡೆಯುದ್ದಕ್ಕೂ ಗೀರುಗಳೆದ್ದಿದ್ದುವು. ನಮ್ಮ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು. ತಪ್ಪು ಕೊರೆದವರದಲ್ಲ, ತೊಳೆದ ನಮ್ಮದೇ.

ಬ್ಲಾಕೆಂದರೆ ಎಂಜಿನ್ನಿನ ಒಡಲು. ಅಂಬಾಸಡರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ಇದು ಬೀಡುಕಬ್ಬಿಣದ ಒಂದೇ ಎರಕ. ಅದರಲ್ಲಿ ಸುಮಾರು 73 ಮಿಲಿಮೀಟರು ವ್ಯಾಸದ ನಾಲ್ಕು ಸಿಲಿಂಡರುಗಳು. ಅವುಗಳ ಸುತ್ತ ನೀರು ಹರಿಯುವ ಪೊಳ್ಳುಗಳು. ಕೆಳಗೆ ಕ್ರ್ಯಾಂಕ್‌ಷಾಫ್ಟು ತಿರುಗುವ ಬೇರಿಂಗುಗಳ ಪೀಠಗಳು. ಒಡಲೊಳಗೇ ಕೊರೆದ ಎಣ್ಣೆಯ ನಾಳಗಳು. ಸಿಲಿಂಡರನ್ನು ಕೊರೆದ ಮೇಲೆ ಅದರ ಗೋಡೆಯನ್ನು ಸಾಣೆಕಡ್ಡಿಗಳಿಂದ ಉಜ್ಜಿ, ಒಂದನ್ನೊಂದು ಅಡ್ಡಹಾಯುವ ನವುರಾದ ಗೀರುಗಳನ್ನು ಮೂಡಿಸುತ್ತಾರೆ. ಎಣ್ಣೆ ನಿಲ್ಲಲು ಈ ಗೀರುಗಳು ಅವಶ್ಯ. ಆದರೆ ಎಣ್ಣೆ ನಿಲ್ಲುವ ಎಡೆಯಲ್ಲಿ ಸಾಣೆಯ ಹುಡಿಯೂ ನಿಲ್ಲುವುದಷ್ಟೆ! ಈ ಹುಡಿ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡು ಅಥವಾ ಅಲ್ಯುಮಿನಿಯಂ ಆಕ್ಸೈಡು. ಎರಡೂ ಉಕ್ಕಿಗಿಂತ ಎಷ್ಟೋ ಗಡುಸು.

ಇನ್ನು ಅಳತೆಯನ್ನು ನೋಡೋಣ. ಕ್ರ್ಯಾಂಕ್‌ಷಾಫ್ಟಿಗೂ ಬೇರಿಂಗಿಗೂ ನಡುವೆ ಬಿಡುವ ತೆರಪು ಸುಮಾರು 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಓಡುವಾಗ ಭಾರ ಬೀಳುವ ಕಡೆ ಎಣ್ಣೆಯ ಪೊರೆ ಕೆಲವೇ ಮೈಕ್ರಾನುಗಳಷ್ಟು ತೆಳುವಾಗುತ್ತದೆ. ಸಾಣೆಯ ಕಣಗಳೋ ಹತ್ತಾರು ಮೈಕ್ರಾನುಗಳವು. ಕಣ ಪೊರೆಯನ್ನು ದಾಟಿ ಲೋಹವನ್ನು ಮುಟ್ಟದೆ ಇರಲಾರದು.

ಆಗ ಸವೆಯುವುದು ಯಾವುದು? ಬೇರಿಂಗಿನ ಒಳಮೈ ತವರ, ಸೀಸಗಳಂಥ ಮೆದು ಲೋಹಗಳ ಮಿಶ್ರಣ; ಷಾಫ್ಟು ಗಟ್ಟಿಯಾದ ಉಕ್ಕು. ಮೆದುವಾದುದೇ ಸವೆಯಬೇಕೆಂದು ಯಾರಾದರೂ ಹೇಳಿಯಾರು. ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ! ಕಣವು ಮೆದು ಲೋಹದಲ್ಲಿ ಹೂತುಕೊಳ್ಳುತ್ತದೆ. ಪೂರ್ಣವಾಗಿ ಹುದುಗಿಹೋದರೆ ಬಾಧೆಯಿಲ್ಲ. ಬೇರಿಂಗಿಗೆ ಮೆದು ಲೋಹವನ್ನು ಆರಿಸಿರುವುದಕ್ಕೆ ಅದೂ ಒಂದು ಕಾರಣ. ಆದರೆ ದೊಡ್ಡ ಕಣದ ತಲೆ ಹೊರಗೆ ಉಳಿಯುತ್ತದೆ. ಅಲ್ಲಿಂದಾಚೆಗೆ ಬೇರಿಂಗು ಬೇರಿಂಗಲ್ಲ, ಅರ. ಷಾಫ್ಟು ಸುತ್ತುಸುತ್ತಿಗೂ ಅದಕ್ಕೆ ಮೈಯುಜ್ಜಿಕೊಳ್ಳುತ್ತದೆ. ರತ್ನಗಳಿಗೆ ಸಾಣೆ ಹಿಡಿಯುವವರು ಮೆದು ಲೋಹದ ಚಕ್ರಕ್ಕೆ ವಜ್ರದ ಹುಡಿಯನ್ನು ಒತ್ತಿ ಕೂಡಿಸುವುದು ಇದೇ ತತ್ತ್ವದಿಂದ. ಅವರು ಬೇಕೆಂದು ಮಾಡುವುದನ್ನು ನಾವು ಅರಿಯದೆ ಎಂಜಿನ್ನಿನೊಳಗೆ ಮಾಡಿದ್ದೆವು.

ಎಣ್ಣೆಯನ್ನು ಸೋಸುವ ಫಿಲ್ಟರು ಇದೆಯಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಇದೆ, ಆದರೆ ಎಣ್ಣೆ ಪಂಪಿನಿಂದ ಫಿಲ್ಟರಿಗೆ ಹೋಗಿ, ಆಮೇಲೆ ಬ್ಲಾಕಿನ ನಾಳದಿಂದ ಬೇರಿಂಗಿಗೆ ಬರುತ್ತದೆ. ನಾಳದಲ್ಲೇ ಕುಳಿತ ಹುಡಿ ಫಿಲ್ಟರಿನ ಮುಖವನ್ನೇ ಕಾಣದೆ ನೇರವಾಗಿ ಬೇರಿಂಗಿಗೆ ನುಗ್ಗುತ್ತದೆ. ಆದುದರಿಂದ ನಾಳಗಳ ತುದಿಯ ಬಿರಟೆಗಳನ್ನು ಬಿಚ್ಚಿ, ಉದ್ದನೆಯ ಕಡ್ಡಿಬ್ರಷ್ಷನ್ನು ಈಚೆಯಿಂದಾಚೆಗೆ ಆಡಿಸದ ಹೊರತು ಬ್ಲಾಕು ತೊಳೆದಂತಾಗದು. ಅನೇಕರು ಬಿಟ್ಟುಬಿಡುವ ಕೆಲಸವಿದು; ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಸೀಮೆಎಣ್ಣೆ ಸೋತದ್ದೇಕೆ? ಜಿಡ್ಡನ್ನು ಕರಗಿಸುವುದರಲ್ಲಿ ಅದು ಗಟ್ಟಿಗ. ಆದರೆ ಸಾಣೆಹುಡಿ ಕರಗುವ ಪದಾರ್ಥವಲ್ಲ. ಜಿಡ್ಡು ಕರಗಿ ಹರಿದುಹೋದಾಗ ಹುಡಿ ಗೀರಿನ ತಳದಲ್ಲಿಯೇ ನೆಲೆಯಾಗುತ್ತದೆ. (ಪೆಟ್ರೋಲಿನದೂ ಇದೇ ಕಥೆ, ಅದರ ಆವಿಗೆ ಬೆಂಕಿಯ ಭಯ ಬೇರೆ. ಮನೆಯಲ್ಲಿ ಅದನ್ನು ಬಳಸಲೇಬಾರದು.) ಸಾಬೂನಿನ ಅಣುವಿಗಾದರೋ ಎರಡು ಕೊನೆಗಳು: ಒಂದು ಎಣ್ಣೆಯನ್ನು ಬಯಸುತ್ತದೆ, ಇನ್ನೊಂದು ನೀರನ್ನು. ಕಣವನ್ನು ಸುತ್ತಿರುವ ಜಿಡ್ಡಿಗೆ ಒಂದು ಕೊನೆ ಅಂಟಿಕೊಳ್ಳಲು, ಇನ್ನೊಂದು ಅದನ್ನು ನೀರಿನತ್ತ ಸೆಳೆಯುತ್ತದೆ. ಬ್ರಷ್ಷಿನಿಂದ ಉಜ್ಜಿದಾಗ ಎದ್ದ ಕಣ ಮತ್ತೆ ಕೂರದೆ ನೊರೆಯಲ್ಲಿ ತೇಲಿಹೋಗುತ್ತದೆ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಸಾಬೂನು ಒಡೆದು ಗಸಿಯಾಗುವುದರಿಂದ ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿಯೇ ಲೇಸು. ಕಾಸ್ಟಿಕ್ ಸೋಡವನ್ನು ಮಾತ್ರ ಮುಟ್ಟಬೇಡಿ. ಅದು ಚರ್ಮವನ್ನು ಸುಡುತ್ತದೆ. ಬ್ಲಾಕು ಅಲ್ಯುಮಿನಿಯಮ್ಮಿನದಾಗಿದ್ದರೆ ಲೋಹವನ್ನೇ ತಿಂದು ಹೈಡ್ರೊಜನನ್ನು ಬಿಡುತ್ತದೆ.

ಎರಡನೆಯ ಸಲ ನಾವು ಹಂಡೆಯಲ್ಲಿ ನೀರು ಕಾಯಿಸಿದೆವು. ಮೊದಲು ಸೀಮೆಎಣ್ಣೆಯಿಂದ ದಪ್ಪ ಜಿಡ್ಡನ್ನು ತೆಗೆದು, ಅನಂತರ ಬಿಸಿನೀರು, ಪುಡಿ, ನೈಲಾನ್ ಬ್ರಷ್ಷು. ಒಂದೊಂದು ಸಿಲಿಂಡರನ್ನೂ ಗೀರುಗಳ ಜಾಡು ಹಿಡಿದು ಉಜ್ಜಿದುದಾಯಿತು. ತೊಳೆದ ಮೇಲೆ ಗೋಡೆಯನ್ನು ಎಣ್ಣೆ ಸೋಕಿಸಿದ ಬಿಳಿಯ ಬಟ್ಟೆಯಿಂದ ಒರಸಿ ನೋಡಬೇಕು. ಬೂದುಬಣ್ಣ ಬಂದರೆ ಮತ್ತೊಮ್ಮೆ ಮಜ್ಜನ. ನಮಗೆ ನಾಲ್ಕು ಸಲ ಬೇಕಾಯಿತು. ಮೆಕ್ಯಾನಿಕ್ಕರು ಬಳಸುವ ಹತ್ತಿನೂಲಿನ ಉಂಡೆ ಎಳೆ ಬಿಡುವುದರಿಂದ ಈ ಪರೀಕ್ಷೆಗೆ ಒಗ್ಗದು. ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡು ಉತ್ತಮ.

ಮನುಷ್ಯರ ಅಭ್ಯಂಜನದಲ್ಲಿ ಎಣ್ಣೆ ಮೊದಲು, ಬಿಸಿನೀರು ಆಮೇಲೆ. ಇಲ್ಲಿ ಕ್ರಮ ತಲೆಕೆಳಗು. ಹೊಸದಾಗಿ ಕೊರೆದ ಕಬ್ಬಿಣ ನೀರೂ ಗಾಳಿಯೂ ಸೇರಿದೊಡನೆ, ನಾವು ನೋಡುತ್ತಿರುವಂತೆಯೇ, ಕೆಂಪಗೆ ತುಕ್ಕು ಹಿಡಿಯುತ್ತದೆ. ಬಿಸಿನೀರಿನಿಂದ ಕಾದ ಬ್ಲಾಕು ಬೇಗ ಒಣಗುವುದು ನಮಗೊಂದು ಅನುಕೂಲ. ಕಣ್ಣಿಗೆ ಕನ್ನಡಕ ಹಾಕಿಕೊಂಡು ನಾಳಗಳಿಗೂ ಬೋಲ್ಟಿನ ಕುಳಿಗಳಿಗೂ ಗಾಳಿಯನ್ನು ಊದಿ, ಒಡನೆಯೇ ಎಂಜಿನ್ ಎಣ್ಣೆ ಸವರಬೇಕು. ಕುಳಿಗಳನ್ನು ಮರೆಯಬಾರದು: ತಳ ಮುಚ್ಚಿದ ಕುಳಿಯಲ್ಲಿ ನೀರು ನಿಂತಿರುವಾಗ ಬೋಲ್ಟನ್ನು ಬಿಗಿದರೆ, ನೀರು ಅಡಕವಾಗದ ಕಾರಣ ಎರಕವೇ ಬಿರಿಯಬಹುದು. ತೊಳೆದ ಎಣ್ಣೆನೀರನ್ನು ಬಾವಿಯ ಬಳಿ ಚೆಲ್ಲುವುದೂ ತರವಲ್ಲ.

ಅಂದು ಸಂಜೆ ಬ್ಲಾಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿರಟೆಗಳನ್ನು ಎಣಿಸಿ ಒಂದು ಬಟ್ಟಲಿನಲ್ಲಿಟ್ಟೆವು. ಬೆಳಿಗ್ಗೆ ಎದ್ದು ಜೋಡಿಸುವ ಮುನ್ನ ಪಂಚೆಯ ಹೊಸ ತುಂಡಿನಿಂದ ಇನ್ನೊಮ್ಮೆ ಒರಸಿದೆವು. ಬಟ್ಟೆ ಬೆಳ್ಳಗೇ ಇತ್ತು.