ಯಾವುದನ್ನು ಬಿಡಬೇಕೆಂದು ಕಲಿಯುವ ಯಂತ್ರ

ಕಂಪ್ಯೂಟರ್ ನಿಧಾನವಾಯಿತೆಂದರೆ ಎಲ್ಲರೂ ಕೊಡುವ ಸಲಹೆ ಒಂದೇ: ಮೆಮೊರಿ ಹೆಚ್ಚಿಸಿ. ಮನೆಬಳಕೆಗೆ ಈ ಮದ್ದು ಬಹುಮಟ್ಟಿಗೆ ಸಾಕು. ದಶಕಗಳ ಹಳೆಯ ದತ್ತಾಂಶವನ್ನು ಜಾಲಾಡುವವರಿಗೆ ಮಾತ್ರ ಸಾಲದು. ಯೂರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ ಸಿದ್ಧಪಡಿಸಿರುವ 'ಇಆರ್‌ಎ5' ಭಂಡಾರವನ್ನೇ ನೋಡಿ. 1940ರಿಂದ ಈಚೆಗೆ ಇಡೀ ಭೂಮಿಯ ವಾತಾವರಣ ಗಂಟೆಗಂಟೆಗೂ ಹೇಗಿತ್ತೆಂಬ ಮರುಲೆಕ್ಕ ಅದರಲ್ಲಿದೆ. ಕಾಲು ಡಿಗ್ರಿಗೊಂದರಂತೆ ಗೆರೆ ಎಳೆದರೆ ಭೂಮಿಯ ಮೇಲೆ 10,38,240 ಬಿಂದುಗಳಾಗುತ್ತವೆ. ಒಂದೇ ಎತ್ತರದ ಉಷ್ಣಾಂಶವನ್ನು ಒಂದೇ ವರ್ಷಕ್ಕೆ ತೆಗೆದುಕೊಂಡರೂ ಸುಮಾರು 909 ಕೋಟಿ ಅಂಕಿ. ಒಂದೊಂದಕ್ಕೆ 4 ಬೈಟ್ ಹಿಡಿದರೆ 36 ಗಿಗಾಬೈಟ್. ಗಾಳಿ, ತೇವಾಂಶ, ಹತ್ತಾರು ಎತ್ತರಗಳು, ಎಂಟು ದಶಕಗಳು ಸೇರಿದರೆ ಅಷ್ಟನ್ನೂ ಒಮ್ಮೆಗೇ ಮೆಮೊರಿಯಲ್ಲಿಟ್ಟುಕೊಳ್ಳುವ ಮಾತೇ ಇಲ್ಲ. ಒಗ್ಗರಣೆ ಡಬ್ಬಿ ಒಲೆಯ ಪಕ್ಕ, ಮೂಟೆಗಳು ಅಟ್ಟದ ಮೇಲೆ ಇರುವಂತೆ, ಸದ್ಯಕ್ಕೆ ಬೇಕಾದ ತುಣುಕು ಕ್ಯಾಶ್ ಮೆಮೊರಿಯಲ್ಲಿ, ಉಳಿದದ್ದು ಡಿಸ್ಕಿನಲ್ಲಿ. ಮೆಮೊರಿಯಿಂದ ಒಂದು ಅಂಕಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಡಿಸ್ಕಿನಿಂದ ತರಲು ಹಲವು ಮಿಲಿಸೆಕೆಂಡ್ ಬೇಕು, ಅಂದರೆ ಹತ್ತಾರು ಸಾವಿರ ಪಟ್ಟು ಹೆಚ್ಚು ಸಮಯ. ಹಾಗಾಗಿ ಕ್ಯಾಶ್ ತುಂಬಿದಾಗ ಯಾವುದನ್ನು ಹೊರಹಾಕಬೇಕು ಎಂಬ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಇಡೀ ಕೆಲಸದ ವೇಗ ನಿಂತಿದೆ.

ರೂಢಿಯ ಉತ್ತರ ತೀರ ಸಹಜವಾಗಿ ಕೇಳಿಸುತ್ತದೆ: ಬಳಸಿ ಬಹಳ ಹೊತ್ತಾದದ್ದನ್ನು ತೆಗೆದುಹಾಕು. ದಿನನಿತ್ಯದ ಬಳಕೆಯಲ್ಲಿ ಈ ನಿಯಮ ಚೆನ್ನಾಗಿಯೇ ನಡೆಯುತ್ತದೆ. ಚರಿತ್ರೆಯ ದತ್ತಾಂಶದ ಮುಂದೆ ಅದು ಕುಸಿದುಬೀಳುವ ರೀತಿ ಬೆರಗು ಹುಟ್ಟಿಸುತ್ತದೆ. ಕ್ಯಾಶ್‌ನಲ್ಲಿ 10 ವರ್ಷಗಳ ದತ್ತಾಂಶಕ್ಕೆ ಜಾಗವಿದೆ, ವಿಶ್ಲೇಷಣೆಗೆ 11 ವರ್ಷಗಳದು ಬೇಕು, ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಓದಬೇಕು ಎನ್ನೋಣ. ಹನ್ನೊಂದನೆಯ ವರ್ಷ ಬಂದಾಗ ಎಲ್ಲಕ್ಕಿಂತ ಹಳೆಯದಾದ ಒಂದನೆಯ ವರ್ಷ ಹೊರಬೀಳುತ್ತದೆ. ಮರುಕ್ಷಣ ಬೇಕಾಗುವುದು ಅದೇ ಒಂದನೆಯ ವರ್ಷ! ಅದನ್ನು ತರಲು ಎರಡನೆಯದನ್ನು ತೆಗೆಯುತ್ತೇವೆ. ಮುಂದೆ ಬೇಕಾಗುವುದು ಎರಡನೆಯದೇ. ಎಷ್ಟು ಸುತ್ತು ಓದಿದರೂ ಒಂದು ಸಲವೂ ಬೇಕಾದದ್ದು ಕೈಗೆ ಸಿಗುವುದಿಲ್ಲ. ಬೇಕಾದ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಹಿಡಿಸುವಷ್ಟು ಜಾಗವಿದ್ದೂ ಅದು ಶುದ್ಧ ವ್ಯರ್ಥ. ಐಬಿಎಂ ಸಂಶೋಧಕ ಲಾಸ್ಲೊ ಬೆಲಾಡಿ 1966ರಲ್ಲಿ ವಿವರಿಸಿದ ನಿಯಮವೇ ಬೇರೆ: ಎಲ್ಲಕ್ಕಿಂತ ತಡವಾಗಿ ಮತ್ತೆ ಬೇಕಾಗುವುದು ಯಾವುದೋ ಅದನ್ನು ತೆಗೆ. ಇದನ್ನು ಅನುಸರಿಸಿದರೆ, ಅದೇ 10 ಜಾಗ, ಅದೇ 11 ವರ್ಷಗಳಿದ್ದರೂ, ಮೊದಲ ಸುತ್ತು ಮುಗಿದ ಮೇಲೆ ಹತ್ತು ಸಲ ಕೇಳಿದರೆ ಒಂಬತ್ತು ಸಲ ದತ್ತಾಂಶ ಕ್ಯಾಶ್‌ನಲ್ಲೇ ಸಿಗುತ್ತದೆ.

ಜಾಗ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಬೆಲಾಡಿಯೇ ಪೆಟ್ಟು ಕೊಟ್ಟರು. ಮೊದಲು ಬಂದದ್ದನ್ನು ಮೊದಲು ತೆಗೆಯುವ ಸರಳ ಪದ್ಧತಿಯಲ್ಲಿ 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ದತ್ತಾಂಶದ ತುಣುಕುಗಳನ್ನು ಕೇಳಿ ನೋಡಿ. ಮೂರು ಜಾಗಗಳಿದ್ದರೆ 9 ಸಲ ಡಿಸ್ಕಿಗೆ ಹೋಗಬೇಕು, ನಾಲ್ಕು ಜಾಗಗಳಿದ್ದರೆ 10 ಸಲ! 1969ರಲ್ಲಿ ಬೆಲಾಡಿ ಮತ್ತು ಸಂಗಡಿಗರು ಪ್ರಕಟಿಸಿದ ಈ ವೈಪರೀತ್ಯವನ್ನು ಕಾಗದದ ಮೇಲೆ ಯಾರು ಬೇಕಾದರೂ ಐದು ನಿಮಿಷದಲ್ಲಿ ಪರೀಕ್ಷಿಸಬಹುದು.

ಆದರೆ ಬೆಲಾಡಿಯ ನಿಯಮಕ್ಕೆ ಮುಂದೇನು ಬೇಕಾಗುತ್ತದೆಂದು ಮೊದಲೇ ಗೊತ್ತಿರಬೇಕು. ಹಾಗಾಗಿ ಅದು ದಶಕಗಳ ಕಾಲ ಬರೀ ಆದರ್ಶದ ಅಳತೆಗೋಲಾಗಿ ಉಳಿಯಿತು. ಯಂತ್ರಕಲಿಕೆ ಇಲ್ಲಿ ಮಾಡಿದ ಉಪಾಯ ಬಹಳ ಸೊಗಸಾದದ್ದು. ನಾಳೆ ನಮಗೆ ಗೊತ್ತಿಲ್ಲ, ನಿಜ. ಆದರೆ ನಿನ್ನೆಯ ಪಾಲಿಗೆ ಇವತ್ತೇ ಭವಿಷ್ಯ, ಮತ್ತು ಇವತ್ತು ಏನಾಯಿತೆಂದು ನಮಗೆ ಗೊತ್ತು. ಟೆಕ್ಸಸ್ ವಿಶ್ವವಿದ್ಯಾಲಯದ ಆಕಾಂಕ್ಷಾ ಜೈನ್ ಮತ್ತು ಕ್ಯಾಲ್ವಿನ್ ಲಿನ್ 2016ರಲ್ಲಿ ಪ್ರಕಟಿಸಿದ 'ಹಾಕ್‌ಐ' ವಿಧಾನ, ಈಗಾಗಲೇ ಆಗಿಹೋದ ಬಳಕೆಯ ಮೇಲೆ ಬೆಲಾಡಿಯ ನಿಯಮವನ್ನು ಹೂಡಿ, ಆಗ ಯಾವುದನ್ನು ಉಳಿಸಿಕೊಂಡಿದ್ದರೆ ಲಾಭವಿತ್ತೆಂದು ಲೆಕ್ಕಹಾಕುತ್ತದೆ. ಪ್ರೋಗ್ರಾಮಿನ ಯಾವ ಸಾಲು ತರಿಸಿದ ದತ್ತಾಂಶ ಮತ್ತೆ ಕೆಲಸಕ್ಕೆ ಬರುತ್ತದೆ, ಯಾವುದು ತರಿಸಿದ್ದು ಬರುವುದಿಲ್ಲ ಎಂಬುದನ್ನು ಅದರಿಂದ ಕಲಿಯುತ್ತದೆ. ಹವಾಮಾನದ ಚರಿತ್ರೆಯನ್ನು ಓದುವ ಯಂತ್ರ ತನ್ನದೇ ಓದಿನ ಚರಿತ್ರೆಯನ್ನೂ ಓದಿಕೊಳ್ಳಬಲ್ಲದು ಎಂದಾಯಿತು.

ನಿನ್ನೆಯಂತೆಯೇ ನಾಳೆ ಇರುತ್ತದೆಂದು ಏನು ಖಾತ್ರಿ ಎಂಬ ಆಕ್ಷೇಪ ಸರಿಯಾದದ್ದೇ. 2018ರಲ್ಲಿ ಸಂಶೋಧಕರಾದ ಲಿಕೂರಿಸ್ ಮತ್ತು ವಾಸಿಲ್ವಿಟ್‌ಸ್ಕಿ ಇದಕ್ಕೆ ಗಣಿತದ ಉತ್ತರ ಕೊಟ್ಟರು: ಯಂತ್ರದ ಊಹೆ ಚೆನ್ನಾಗಿದ್ದರೆ ಆದರ್ಶದ ಹತ್ತಿರ ಹೋಗುವ, ಊಹೆ ಪೂರ್ತಿ ಕೆಟ್ಟರೂ ನಷ್ಟ ಒಂದು ಮಿತಿಯನ್ನು ದಾಟದ ವಿಧಾನವನ್ನು ರಚಿಸಬಹುದು. ಕಲಿಕೆಗೇ ಸಮಯ ಹೋಗುವುದಿಲ್ಲವೇ ಎಂದರೆ, ಹೋಗುತ್ತದೆ. ಆದರೆ ಡಿಸ್ಕಿಗೆ ಹೋಗಿ ಬರುವ 5 ಮಿಲಿಸೆಕೆಂಡಿನಲ್ಲಿ ಇಂದಿನ ಪ್ರೊಸೆಸರ್ ಕೋಟಿಗೂ ಹೆಚ್ಚು ಲೆಕ್ಕ ಮಾಡಬಲ್ಲದು. ಅಂಥ ಒಂದು ಓಡಾಟ ಉಳಿಸಲು ಕೆಲವು ಸಾವಿರ ಲೆಕ್ಕ ದುಬಾರಿಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಶ್‌ನಲ್ಲಿ ಊಹೆ ತಪ್ಪಿದರೆ ಕಳೆದುಕೊಳ್ಳುವುದು ಸಮಯವನ್ನಷ್ಟೇ. ಮೂಲ ದತ್ತಾಂಶ ಡಿಸ್ಕಿನಲ್ಲಿ ಭದ್ರವಾಗಿರುವುದರಿಂದ ಉತ್ತರ ಕೆಡುವುದಿಲ್ಲ. ಯಂತ್ರಕಲಿಕೆಯಿಂದ ಹವಾಮಾನವನ್ನೇ ಊಹಿಸುವಾಗ ಹಾಗಲ್ಲ. ಗೂಗಲ್ ಡೀಪ್‌ಮೈಂಡ್‌ನ 'ಗ್ರಾಫ್‌ಕಾಸ್ಟ್' ಇಆರ್‌ಎ5ನ 1979ರಿಂದ 2017ರವರೆಗಿನ ದತ್ತಾಂಶದಿಂದ ಕಲಿತು, 10 ದಿನಗಳ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಅದು ಅದ್ಭುತ ಸಾಧನೆ. ಆದರೆ ಅಲ್ಲಿ ಊಹೆ ತಪ್ಪಿದರೆ ಉತ್ತರವೇ ತಪ್ಪುತ್ತದೆ, ಆದ್ದರಿಂದ ಪ್ರತಿ ಫಲಿತಾಂಶವನ್ನೂ ನಿಜವಾದ ವೀಕ್ಷಣೆಯ ಒರೆಗೆ ಹಚ್ಚಿ ನೋಡಲೇಬೇಕು.

'ಎಐ ಭವಿಷ್ಯ ಹೇಳುತ್ತದೆ' ಎಂದು ಜಾತಕದ ಪಕ್ಕದಲ್ಲಿ ಅದನ್ನು ಕೂರಿಸುವವರಿಗೆ ಒಂದು ವ್ಯತ್ಯಾಸ ತಿಳಿಯಬೇಕು. ಜ್ಯೋತಿಷ್ಯ ತನ್ನ ತಪ್ಪುಗಳ ಲೆಕ್ಕ ಇಡುವುದಿಲ್ಲ. ಕಲಿಯುವ ಕ್ಯಾಶ್ ತಿದ್ದಿಕೊಳ್ಳುವುದೇ ತನ್ನ ತಪ್ಪುಗಳ ಲೆಕ್ಕದಿಂದ. ಭಾರತೀಯ ಹವಾಮಾನ ಇಲಾಖೆಯ ಬಳಿ 1901ರಿಂದ ಈಚಿನ ದೈನಂದಿನ ಮಳೆಯ ಜಾಲರಿ ದತ್ತಾಂಶವಿದೆ. ಅದನ್ನು ಇಆರ್‌ಎ5ನಂಥ ಭಂಡಾರಗಳ ಜೊತೆಗಿಟ್ಟು ಮುಂಗಾರನ್ನು ಅಭ್ಯಸಿಸುವ ಯಾವ ಸಂಸ್ಥೆಯೇ ಆಗಲಿ, ದೊಡ್ಡ ಯಂತ್ರಕ್ಕೆ ಹಣ ಸುರಿಯುವ ಮುನ್ನ, ಯಾವ ದತ್ತಾಂಶವನ್ನು ಯಾವಾಗ ಯಾವ ಕ್ರಮದಲ್ಲಿ ಓದಲಾಯಿತು ಎಂಬ ಲಾಗ್ ಇಡಲು ಆರಂಭಿಸಬೇಕು. ಅದಿಲ್ಲದಿದ್ದರೆ ಕಲಿಯುವ ಯಂತ್ರಕ್ಕೆ ಪಾಠವೇ ಇಲ್ಲ, ಮತ್ತು ಅದನ್ನು ಇಡಲು ತಗಲುವ ಖರ್ಚು ತೀರ ಅಲ್ಪ.