ಒಂದು ಡಿಸ್ಕ್ ಕೆಟ್ಟರೂ ಉತಾರ ಉಳಿಯುವ ಬಗೆ

ಹಾತಕಣಂಗಲೆ ತಾಲೂಕಿನ ರೈತನು ಇಂದು ತನ್ನ ಹೊಲದ ಸಾತಬಾರಾ ಉತಾರವನ್ನು ಮೊಬೈಲಿನಲ್ಲಿಯೇ ನೋಡುತ್ತಾನೆ. ಶಾಲೆಯ ಮುಖ್ಯಾಧ್ಯಾಪಕರು ಮಕ್ಕಳ ಹೆಸರು, ಜನ್ಮದಿನಾಂಕಗಳನ್ನು ಸರಕಾರದ ಪೋರ್ಟಲ್‌ನಲ್ಲಿ ತುಂಬುತ್ತಾರೆ. ಇಚಲಕರಂಜಿಯ ಬಟ್ಟೆ ವ್ಯಾಪಾರಿ ತನ್ನ ಜಾಲತಾಣಕ್ಕೆ ಬಂದ ಬೇಡಿಕೆಗಳನ್ನು ಓದುತ್ತಾನೆ. ಈ ಮೂವರ ದಾಖಲೆಗಳೂ ಇರುವುದು ದೂರದ ಊರೊಂದರ ತಂಪುಗೊಳಿಸಿದ ಕೋಣೆಯಲ್ಲಿ, ಹಗಲಿರುಳು ನಡೆಯುವ ಸರ್ವರುಗಳ ಡಿಸ್ಕ್‌ಗಳಲ್ಲಿ. ಡಿಸ್ಕ್ ಎಂಬುದು ಯಂತ್ರ. ಯಂತ್ರವೆಂದ ಮೇಲೆ ಕೆಡುವುದು ನಿಶ್ಚಿತ. ಹಾಗಿದ್ದೂ ಡಿಸ್ಕ್ ಕೆಟ್ಟ ದಿನ ಉತಾರಗಳು ಮಾಯವಾಗುವುದಿಲ್ಲವೇಕೆ?

ದೊಡ್ಡ ಸಂಗ್ರಹಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಡಿಸ್ಕ್‌ನೊಳಗೆ ನುಣುಪಾದ ಬಿಲ್ಲೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ, ಓದುವ ಮೊನೆ ತೇಲುತ್ತದೆ. ಪವರ್‌ಲೂಮ್ ನಡೆಸುವವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ತಿರುಗದ, ಚಿಪ್ಪಿನಿಂದಾದ ಹೊಸ ಡಿಸ್ಕ್‌ಗಳೂ ಬರೆದಷ್ಟೂ ಸವೆಯುತ್ತವೆ.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ ಒಂದು ಪ್ರಬಂಧವನ್ನು ಮಂಡಿಸಿದರು. ಭಾರೀ ಬೆಲೆಯ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳ ಸಾಲನ್ನೇ ಹೂಡಬಹುದೆಂಬುದು ಅವರ ವಾದ. ತೊಡಕನ್ನೂ ಅವರೇ ಲೆಕ್ಕ ಹಾಕಿ ತೋರಿಸಿದರು: ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುವುದಾದರೆ, ಅಂತಹ ನೂರನ್ನು ಒಟ್ಟಿಗೆ ಹೂಡಿದಾಗ ಸರಾಸರಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರ ತುಂಬುವ ಮೊದಲೇ, ಯಾವುದಾದರೊಂದು ಕೆಡುತ್ತದೆ. ಆದ್ದರಿಂದ ಕೆಟ್ಟದ್ದನ್ನು ಉಳಿದವುಗಳಿಂದ ಮರಳಿ ಪಡೆಯುವ ಏರ್ಪಾಡು ಬೇಕು. ಆ ಏರ್ಪಾಡಿಗೆ ಅವರಿಟ್ಟ ಹೆಸರು ರೇಡ್.

ಅದರ ಸುಲಭ ಬಗೆ ಕನ್ನಡಿ: ಬರೆದದ್ದನ್ನೆಲ್ಲ ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಬರೆಯುವುದು. ಖರ್ಚು ಇಮ್ಮಡಿ, ನೆಮ್ಮದಿಯೂ ಹಾಗೆಯೇ. ಇನ್ನೊಂದು ಬಗೆಯಲ್ಲಿ ಜಮಾಖರ್ಚಿನ ವಹಿಯ ಜಾಣ್ಮೆಯಿದೆ. ಮೂರು ವಹಿಗಳಲ್ಲಿ ಕ್ರಮವಾಗಿ 8, 5, 9 ಎಂದು ಬರೆದು, ನಾಲ್ಕನೆಯದರಲ್ಲಿ ಮೊತ್ತ 22 ಎಂದು ಬರೆದಿಡಲಾಗಿದೆ ಎನ್ನೋಣ. ಎರಡನೆಯ ವಹಿ ಗೆದ್ದಲಿಗೆ ತುತ್ತಾಯಿತು. 22ರಿಂದ 8 ಮತ್ತು 9ನ್ನು ಕಳೆದರೆ ಹೋದ 5 ಮರಳಿ ಬರುತ್ತದೆ. ಗಣಕಯಂತ್ರವು ಮೊತ್ತದ ಬದಲು ಒಂದುಗಳ ಎಣಿಕೆ ಸಮವೋ ಬೆಸವೋ ಎಂಬುದನ್ನು ಬರೆದಿಡುತ್ತದೆ, ತತ್ತ್ವ ಒಂದೇ. ಮೂರು ಡಿಸ್ಕ್‌ಗಳ ದಾಖಲೆಗೆ ಒಂದೇ ಹೆಚ್ಚುವರಿ ಡಿಸ್ಕ್ ಸಾಕಾಗುವುದು ಇದರಿಂದಲೇ.

ಎರಡು ವಹಿಗಳು ಒಟ್ಟಿಗೆ ಹೋದರೆ? ಆಗ ಮೊತ್ತದ ಇನ್ನೊಂದು ನಕಲಿನಿಂದ ಪ್ರಯೋಜನವಿಲ್ಲ. ಬೇರೆ ಬಗೆಯ ಮೊತ್ತ ಬೇಕು. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಿದರೆ 45. ಈಗ 8 ಮತ್ತು 5 ಎರಡೂ ಅಳಿಸಿಹೋದರೂ 9, 22 ಮತ್ತು 45 ಉಳಿದಿದ್ದರೆ ಸಾಕು. ಹತ್ತನೆಯ ಇಯತ್ತೆಯ ವಿದ್ಯಾರ್ಥಿ ಎರಡು ಸಮೀಕರಣಗಳನ್ನು ಬಿಡಿಸಿ ಎರಡನ್ನೂ ಹೇಳಿಯಾನು. ಮನೆಯಲ್ಲಿ ಕಾಗದ ಹಿಡಿದು ಮಾಡಿನೋಡಬಹುದಾದ ಲೆಕ್ಕವಿದು. ರೇಡ್‌ನ ಆರನೆಯ ಮಟ್ಟ ನಿಂತಿರುವುದು ಇಂತಹ ಎರಡು ಲೆಕ್ಕಗಳ ಮೇಲೆಯೇ.

ಕೆಟ್ಟ ಡಿಸ್ಕನ್ನು ಸರ್ವರ್ ನಡೆಯುತ್ತಿರುವಾಗಲೇ ಕಿತ್ತು ಹೊಸದನ್ನು ಕೂಡಿಸುತ್ತಾರೆ. ಜಾಲತಾಣವನ್ನು ನೋಡುತ್ತಿರುವವರಿಗೆ ಅದು ತಿಳಿಯುವುದೂ ಇಲ್ಲ. ಆದರೆ ಹೊಸ ಡಿಸ್ಕ್ ತುಂಬಿಕೊಳ್ಳಲು ಹಲವು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಒಂದೇ ಮೊತ್ತದ ಏರ್ಪಾಡಿಗೆ ಅದೇ ಗಂಡಾಂತರದ ಹೊತ್ತು. ಒಂದೇ ದಿನ ಕೊಂಡ ಡಿಸ್ಕ್‌ಗಳಿಗೆ ವಯಸ್ಸೂ ಒಂದೇ.

ಇಷ್ಟಾದರೂ ರೇಡ್ ಕಾಯುವುದು ಡಿಸ್ಕ್ ಕೆಡುವುದರಿಂದ ಮಾತ್ರ. ಗುಮಾಸ್ತನು ಕೈತಪ್ಪಿ ಒಂದು ದಾಖಲೆಯನ್ನು ಅಳಿಸಿದರೆ ಕನ್ನಡಿಯಲ್ಲಿಯೂ ಅದು ಆ ಕ್ಷಣವೇ ಅಳಿಯುತ್ತದೆ. ಕಟ್ಟಡಕ್ಕೇ ಆಪತ್ತು ಬಂದರಂತೂ ಎಲ್ಲ ಡಿಸ್ಕ್‌ಗಳ ಗತಿ ಒಂದೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ನೆಟ್‌ಕ್ರಾಫ್ಟ್ ಸಂಸ್ಥೆಯ ಎಣಿಕೆಯಂತೆ ಸುಮಾರು 36 ಲಕ್ಷ ಜಾಲತಾಣಗಳು ನಿಂತವು. ಬ್ಯಾಕಪ್ ಸೇವೆಯನ್ನು ಪಡೆದಿದ್ದ ಗ್ರಾಹಕ ಕಂಪನಿಯೊಂದರ ಬ್ಯಾಕಪ್ ಪ್ರತಿಯೂ ಅದೇ ಕಟ್ಟಡದಲ್ಲಿದ್ದು ಬೂದಿಯಾಯಿತು. ಆ ಕಂಪನಿ ಹೂಡಿದ ದಾವೆಯಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯವು 2023ರ ಜನವರಿಯಲ್ಲಿ ಪರಿಹಾರ ನೀಡುವಂತೆ ಆದೇಶಿಸಿತು. ಬೇರೆಡೆ ಇಡದ ನಕಲು ನಕಲೇ ಅಲ್ಲವೆಂಬ ಸಾಮಾನ್ಯ ಬುದ್ಧಿಗೆ ನ್ಯಾಯಾಲಯದ ಮುದ್ರೆ ಬೀಳಲು ಅಷ್ಟು ದೊಡ್ಡ ಬೆಂಕಿಯೇ ಬೇಕಾಯಿತು.

ಪಂಚಗಂಗೆಯ ದಡದವರಿಗೆ ಬೆಂಕಿಗಿಂತ ನೀರಿನ ನೆನಪು ಹೆಚ್ಚು. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿಯೂ 2021ರ ಜುಲೈನಲ್ಲಿಯೂ ನೀರು 55 ಅಡಿಯನ್ನು ದಾಟಿತು. ಶಿರೋಲಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ಮುಳುಗಿ ದಿನಗಟ್ಟಲೆ ಮುಚ್ಚಿತ್ತು. ಶಾಲೆಯ ಜನರಲ್ ರಿಜಿಸ್ಟರೂ ಅದರ ಜೆರಾಕ್ಸ್ ಪ್ರತಿಯೂ ಒಂದೇ ಕಪಾಟಿನ ಕೆಳಗಿನ ಖಾನೆಯಲ್ಲಿದ್ದರೆ ಅಂತಹ ನೀರಿನಲ್ಲಿ ಎರಡೂ ಕರಗುತ್ತವೆ.

ನಕಲಿನ ಬೆಲೆಯನ್ನು ಅರಿತವರು ಈ ಭಾಗದಲ್ಲಿ ಹಿಂದೆಯೂ ಇದ್ದರು. ಜೈನರ ಧವಲ, ಜಯಧವಲ ಗ್ರಂಥಗಳ ಹಳಗನ್ನಡ ಲಿಪಿಯ ತಾಡವೋಲೆಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯೊಂದರಲ್ಲಿಯೇ ಉಳಿದಿದ್ದವು. ಅವುಗಳ ನಕಲು ಮಾಡುವ ಕೆಲಸ 1896ರಲ್ಲಿ ಸೊಲ್ಲಾಪುರ ಮತ್ತು ಮುಂಬಯಿಯ ಶ್ರಾವಕರ ಪ್ರಯತ್ನದಿಂದ ಆರಂಭವಾಯಿತು. ಅದಕ್ಕೆ ವರ್ಷಗಟ್ಟಲೆ ಕುಳಿತವರು ಮಿರಜಿನ ಗಜಪತಿ ಉಪಾಧ್ಯಾಯರು. ಅವರು ಗುಟ್ಟಾಗಿ ಸಿದ್ಧಪಡಿಸಿಕೊಂಡ ಇನ್ನೊಂದು ಪ್ರತಿ ಉತ್ತರದ ಸಹಾರನಪುರವನ್ನು ಸೇರಿತು; ಅದರಿಂದ ಮತ್ತೆ ನಕಲುಗಳಾದವು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಮರಾವತಿಯಿಂದ ಅಚ್ಚಾಗಿ ಬಂದಿತು. ಗುಟ್ಟಿನ ನಕಲು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಗ್ರಂಥ ಒಂದೇ ಕೋಣೆಯ ಹಂಗಿನಿಂದ ಬಿಡುಗಡೆಯಾದದ್ದಂತೂ ನಿಜ.

ಕಾಯದೆ ಕೂಡ ಈಗ ಪ್ರತಿಗಳ ಬಗೆಗೆ ಉದಾರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 57ನೆಯ ಕಲಮಿನ ವಿವರಣೆಗಳಂತೆ, ಒಂದು ವಿದ್ಯುನ್ಮಾನ ದಾಖಲೆ ಏಕಕಾಲಕ್ಕೆ ಅಥವಾ ಒಂದರ ನಂತರ ಒಂದರಂತೆ ಹಲವು ಕಡತಗಳಲ್ಲಿ ಶೇಖರವಾದರೆ, ಅವುಗಳಲ್ಲಿ ಪ್ರತಿಯೊಂದೂ ಪ್ರಾಥಮಿಕ ಸಾಕ್ಷ್ಯ. ಕನ್ನಡಿಯ ಡಿಸ್ಕ್‌ಗಳಲ್ಲಿ ಮೂಲ ಯಾವುದು, ನಕಲು ಯಾವುದು ಎಂಬ ಜಗಳಕ್ಕೆ ಹೀಗೆ ಎಡೆಯಿಲ್ಲ. ಮುದ್ರಿಸಿದ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಮಾತ್ರ 63ನೆಯ ಕಲಮಿನ ಪ್ರಮಾಣಪತ್ರವನ್ನು ಜೋಡಿಸಬೇಕು.

ಶಾಲೆಗಾಗಲಿ ಅಂಗಡಿಗಾಗಲಿ ಜಾಲತಾಣವನ್ನು ಮಾಡಿಸುವವರು ಕರಾರಿಗೆ ಸಹಿ ಹಾಕುವ ಮುನ್ನ ಕೇಳಬೇಕಾದದ್ದು ಹೆಚ್ಚೇನಿಲ್ಲ. ಸರ್ವರಿನಲ್ಲಿರುವ ರೇಡ್ ಎಷ್ಟನೆಯ ಮಟ್ಟದ್ದು? ಸೊನ್ನೆಯೆಂದು ಉತ್ತರ ಬಂದರೆ ಅಲ್ಲಿ ರಕ್ಷಣೆಯೇ ಇಲ್ಲ. ಅದು ವೇಗಕ್ಕಾಗಿ ಮಾಡಿದ್ದು. ಬ್ಯಾಕಪ್ ಯಾವ ಊರಿನಲ್ಲಿರುತ್ತದೆ, ಎಷ್ಟು ದಿನಗಳ ಹಿಂದಿನದು ಸಿಗುತ್ತದೆ ಎಂಬುದು ಕರಾರಿನಲ್ಲಿಯೇ ಬರವಣಿಗೆಯಲ್ಲಿರಲಿ. ಆ ಬ್ಯಾಕಪ್‌ನಿಂದ ಜಾಲತಾಣವನ್ನು ಮರಳಿ ಎತ್ತಿ ನಿಲ್ಲಿಸಿ ನೋಡಿದ್ದು ಕಡೆಯದಾಗಿ ಯಾವ ದಿನ ಎಂದೂ ಕೇಳಬೇಕು. ದಿನಾಂಕ ಹೇಳಲು ತಡವರಿಸಿದರೆ ಸಹಿಯನ್ನು ತಡೆದಿಡುವುದು ಲೇಸು.