ನಿಮಗಿದು ಗೊತ್ತೇ? ಗುದ್ದು ಜಿಮ್ಮಿನದು, ದಮ್ಮು ದಾರಿಯದು

ಮಾನ್ವಿ ಕಡೆಯ ಚೀಕಲಪರ್ವಿಯ ಹೊಳೆದಂಡೆಯಲ್ಲಿ ನಸುಕಿಗೇ ಓಡುವ ಹುಡುಗರನ್ನು ಕೇಳಿ ನೋಡಿ, 'ಪೊಲೀಸ್ ಫಿಸಿಕಲ್ ಅದರಿ' ಅಂತಾರೆ. ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅವರ ನಡುವೆ ಒಬ್ಬ ಮಾತ್ರ ಓಡದೆ, ಕೈಗೆ ಪಟ್ಟಿ ಸುತ್ತಿಕೊಳ್ಳುತ್ತ ಕುಂತಿದ್ದ. ಬಾಕ್ಸಿಂಗ್ ಹುಚ್ಚು. 'ದಿನಾ ಜಿಮ್ಮಿಗಿ ಹೋಗ್ತೀನಲ್ಲ ಮಾವ, ಮತ್ತ ಓಡೋದ್ಯಾಕ?' ಮಾವ ಹಳೇ ಗರಡಿ ಆಳು. 'ಮೂರು ನಿಮಿಷ ಬಿಡದಂಗ ಚೀಲಕ್ಕ ಗುದ್ದು, ಆಮ್ಯಾಲ ಮಾತಾಡು' ಎಂದವನೇ ತಾನು ಬೀಡಿಯ ದಮ್ಮು ಎಳೆದ.

ನಮ್ಮ ಕಡೆ ಈ 'ದಮ್ಮು' ಎಂಬ ಒಂದೇ ಪದಕ್ಕೆ ಎಷ್ಟು ಕೆಲಸ ನೋಡಿ. ದಮ್ಮಿದ್ದವ ಎಂದರೆ ಗಟ್ಟಿಗ. ದಮ್ಮು ಹತ್ತಿತು ಎಂದರೆ ಏದುಸಿರು. ಬಾಕ್ಸಿಂಗ್‌ನಲ್ಲಿ ಮೊದಲನೆಯವನು ಎರಡನೆಯವನಾಗಲು ಒಂದು ಸುತ್ತು ಸಾಕು.

ಹವ್ಯಾಸಿ ಬಾಕ್ಸಿಂಗ್ ಪಂದ್ಯಕ್ಕೆ ಮೂರು ಸುತ್ತು, ಸುತ್ತಿಗೆ ಮೂರು ನಿಮಿಷ, ನಡುವೆ ಒಂದೊಂದು ನಿಮಿಷ ಬಿಡುವು. ಎಲ್ಲ ಸೇರಿ 11 ನಿಮಿಷ. ಕೇಳಲು ಚಿಕ್ಕದು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ಬಿಡುವು ಎಂಬ ಈ ಕಟ್ಟು 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ ಬಂದದ್ದು.

ಒಂದು ಜೋರಾದ ಗುದ್ದಿಗೆ ಬೇಕಾದ ಇಂಧನ ಸ್ನಾಯುವಿನೊಳಗೇ ಇರುತ್ತದೆ. ಅದರ ಹೆಸರು ಕ್ರಿಯಾಟಿನ್ ಫಾಸ್ಫೇಟ್. ಪೂರ್ತಿ ಜೋರಿನಲ್ಲಿ ಬಳಸಿದರೆ ಹತ್ತು ಸೆಕೆಂಡಿನ ಆಸುಪಾಸಿಗೆ ತಳ ಕಾಣುತ್ತದೆ. ಅದನ್ನು ಮತ್ತೆ ತುಂಬಿಸುವುದು ಉಸಿರಿನ ಆಮ್ಲಜನಕ. ಮಾನ್ವಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗದ್ದೆ ಎಷ್ಟು ದೊಡ್ಡದಿದ್ದರೇನು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗಕ್ಕೆ ಮುಟ್ಟಬೇಕಲ್ಲ! ಭಾರ ಎತ್ತಿದರೆ ಗದ್ದೆ ದೊಡ್ಡದಾಗುತ್ತದೆ. ಕಾಲುವೆ ಅಗಲವಾಗಬೇಕಾದರೆ ಓಡಬೇಕು.

ಮಲ್ಲರಿಗೆ ಭಾರ ಎತ್ತುವುದಷ್ಟೇ ಸಾಲದು ಎಂದು ಸುಮಾರು 900 ವರ್ಷಗಳ ಹಿಂದೆಯೇ ಬರೆದಿಟ್ಟವನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಅವನ ಸಂಸ್ಕೃತ ಕೃತಿ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಭಾಗವೇ ಇದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುವುದು, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಎಲ್ಲ ಅಲ್ಲುಂಟು. ತಾಲೀಮಿನ ಪಟ್ಟಿಯೂ ಉಂಟು: ಮರಳಚೀಲ ಹೊರುವ ಭಾರಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ, ತೋಳಿನ ಕಸರತ್ತು. ಇವುಗಳ ಜೊತೆಗೆ ಭ್ರಮಣಶ್ರಮ, ಅಂದರೆ ಬೆಳಗಿನ ಜಾವದಲ್ಲಿ ದೂರ ನಡೆಯುವುದು. ಇಂದು ಬಾಕ್ಸರುಗಳು 'ರೋಡ್‌ವರ್ಕ್' ಎಂದು ಕರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಸಿಕ್ಕಿಲ್ಲ. (ಸಲಿಲಶ್ರಮ ಮಾತ್ರ ಕೃಷ್ಣೆಯಲ್ಲಿ ಬೇಡ, ದೇವದುರ್ಗದ ಕಡೆಯವರಿಗೆ ಮೊಸಳೆ ಹೊಸದಲ್ಲ.)

ಚೀಕಲಪರ್ವಿಗೆ ಬರುವ ತುಂಗಭದ್ರೆ ಮೊದಲು ಹಂಪಿ ದಾಟಿ ಬರುತ್ತಾಳೆ. ಆ ಹಂಪಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲರ ಬಗ್ಗೆ ಬರೆದಿದ್ದಾನೆ. ಅದು ತನ್ನ ನಾಡಿನ ಕುಸ್ತಿಯಂತಿಲ್ಲ, ಏಟಿಗೆ ಹಲ್ಲು ಮುರಿಯುತ್ತವೆ, ಕಣ್ಣು ಹೋಗುತ್ತವೆ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎಂಬುದು ಅವನ ವರದಿಯ ಸಾರ. ಅದೇ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನೂ ಕೊಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುವಿ, ಆಮೇಲೆ ಒಬ್ಬ ಮಲ್ಲನೊಡನೆ ಸೆಣಸಿ, ಅದೂ ಮುಗಿದ ಮೇಲೆ ಕುದುರೆ ಏರಿ ಬಯಲ ತುಂಬ ಓಡಾಟ. ಜಿಮ್ಮು, ಸ್ಪಾರಿಂಗ್, ಆಮೇಲೆ ಬಯಲು! ಓಡಿದ್ದು ಕುದುರೆ ಎಂದು ಕೊಂಕು ತೆಗೆಯುವವರು ಅರ್ಧ ಗಂಟೆ ಕುದುರೆ ಓಡಿಸಿ ಬಂದು ಮಾತಾಡಲಿ. ರಾಯಚೂರು ಕೋಟೆ ಕೃಷ್ಣದೇವರಾಯನ ಕೈವಶವಾದದ್ದೂ 1520ರಲ್ಲೇ.

ಮೈಸೂರಿನ ವಜ್ರಮುಷ್ಟಿ ಕಾಳಗಕ್ಕೆ ಇಷ್ಟೆಲ್ಲ ದಮ್ಮು ಬೇಡ. ವಿಜಯದಶಮಿಯಂದು ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ 'ನಖ' ಎಂಬ ಮೊನಚು ಆಯುಧ ಧರಿಸಿ ಇಳಿಯುತ್ತಾರೆ. ನೆತ್ತರು ಚಿಮ್ಮಿದೊಡನೆ ಆಟ ಮುಗಿಯಿತು.

ಅದರ ತದ್ವಿರುದ್ಧ ಕಥೆ 1889ರ ಜುಲೈ 8ರದು. ಅಮೆರಿಕದ ಮಿಸಿಸಿಪ್ಪಿಯಲ್ಲಿ ಸುಡುಬಿಸಿಲಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೈನ್ ಬರಿಗೈಯಲ್ಲಿ ಗುದ್ದಾಡಿದರು. 75 ಸುತ್ತು, ಎರಡು ಗಂಟೆಯ ಮೇಲೆ 16 ನಿಮಿಷ! ಸಲಿವನ್ ಮಹಾಕುಡುಕ, ಹೊಟ್ಟೆ ಬೇರೆ ಬೆಳೆಸಿದ್ದ. ಅವನನ್ನು ದಾರಿಗೆ ತಂದ ವಿಲಿಯಂ ಮುಲ್ಡೂನ್ ಬಾಕ್ಸರ್ ಅಲ್ಲ, ಕುಸ್ತಿಪಟು. ಬಾಟಲಿ ಬಿಡಿಸಿದ, ಓಡಿಸಿದ, ಕಟ್ಟಿಗೆ ಕಡಿಸಿದ, ಹಗ್ಗ ಜಿಗಿಸಿದ. ಸೋಲೊಪ್ಪಿದ್ದು ಕಿಲ್ರೈನ್ ಕಡೆಯವರು.

1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನ ಗುದ್ದಿಗೆ ಸಮನಾದ ಗುದ್ದು ಲೋಕದಲ್ಲಿರಲಿಲ್ಲ. ಮಹಮ್ಮದ್ ಅಲಿ ಹಗ್ಗಕ್ಕೆ ಒರಗಿ ಗುದ್ದಿಸಿಕೊಳ್ಳುತ್ತ ಹೋದ. ಎಂಟನೇ ಸುತ್ತಿಗೆ ಫೋರ್‌ಮನ್‌ಗೆ ದಮ್ಮು ಹತ್ತಿತ್ತು. ಆ ಸುತ್ತಿನಲ್ಲೇ ಅಲಿ ಅವನನ್ನು ಕೆಡವಿದ.

ಪಕ್ಕದ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರ ವಿಶ್ವ ಚಾಂಪಿಯನ್. ಗ್ಲೌಸ್ ತೊಡುವ ಮುಂಚೆ ಆಕೆ ಓಟಗಾರ್ತಿ. ಮೇರಿ ಕೋಮ್ ಕೂಡ ಶಾಲೆಯಲ್ಲಿ 400 ಮೀಟರ್ ಓಡಿ, ಜಾವೆಲಿನ್ ಎಸೆದವರೇ.

ಹಾಗಂತ ದಿನಾ ಹತ್ತು ಕಿಲೋಮೀಟರ್ ನಿಧಾನಕ್ಕೆ ಎಳೆದರೆ ಸಾಕು ಎಂದುಕೊಂಡರೆ ಅದೂ ತಪ್ಪು. ರಿಂಗಿನಲ್ಲಿ ಯಾರೂ ಒಂದೇ ವೇಗದಲ್ಲಿ ಇರುವುದಿಲ್ಲ. ನುಗ್ಗಬೇಕು, ಸರಿಯಬೇಕು, ಮತ್ತೆ ನುಗ್ಗಬೇಕು. ಹಾಗಾಗಿ ವಾರದಲ್ಲಿ ಕೆಲವು ದಿನ ದೂರದ ಓಟ, ಕೆಲವು ದಿನ ಮೂರು ನಿಮಿಷ ಜೋರು, ಒಂದು ನಿಮಿಷ ನಡಿಗೆ. ಇನ್ನೊಂದು ಮಾತು: ಓಟ ಭುಜಕ್ಕೆ ಏನೂ ಕಲಿಸುವುದಿಲ್ಲ. ಗ್ಲೌಸಿನ ಕೈಯನ್ನು ಮೂರನೇ ಸುತ್ತಿನವರೆಗೂ ಗಲ್ಲದ ಹತ್ತಿರ ಎತ್ತಿ ಹಿಡಿಯುವುದನ್ನು ಚೀಲ ಮತ್ತು ಸ್ಪಾರಿಂಗೇ ಕಲಿಸಬೇಕು.

ರಾಯಚೂರಿನ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಅಂಥದರಲ್ಲೂ ತೂಕ ಇಳಿಸಲು ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವ ಚಟ ಕೆಲವರಿಗುಂಟು. ಇಳಿಯುವುದು ನೀರು, ಕೊಬ್ಬಲ್ಲ. 1997ರಲ್ಲಿ ಹೀಗೆ ತೂಕ ಇಳಿಸಲು ಹೋಗಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಅಂಥ ಅಂಗಿ ನಿಷೇಧವಾಯಿತು.

ದಮ್ಮು ಬೆಳೆದಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಜೋರಾಗಿ ಓಡಿ ನಿಂತೊಡನೆ ಕುತ್ತಿಗೆಯ ನಾಡಿಗೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ತಾಲೀಮು ಹೆಚ್ಚಿದಂತೆ ಆ ಒಂದು ನಿಮಿಷದಲ್ಲಿ ನಾಡಿ ಇನ್ನಷ್ಟು ಬೇಗ ಇಳಿಯುತ್ತ ಹೋಗುತ್ತದೆ. ಕೈಗೆ ಪಟ್ಟಿ ಸುತ್ತಿದ್ದ ನಮ್ಮ ಹುಡುಗ ಕಡೆಗೂ ಎದ್ದು ಒಂದು ಸುತ್ತು ಓಡಿ ಬಂದ. ಬೆರಳಿಟ್ಟುಕೊಂಡು ತುಟಿ ಅಲ್ಲಾಡಿಸುತ್ತ ಎಣಿಸಿದ. ಎಷ್ಟು ಬಂತು ಎಂದು ಮಾವ ಕೇಳಿದರೆ ಹೇಳಲೊಲ್ಲ. 'ನಿಂದು ಮೊದಲ ಎಣಿಸಿಕೋ ಮಾವ' ಅಂದ. ಮಾವ ಬೀಡಿ ಆರಿಸಿದ.